ಘಾಟಿಗೆ ಕೆಮ್ಮದ ಕೂಸು

ಬ್ಯಾಡಗಿ ಎಂದರೆ ಹೊರಗಿನವರಿಗೆ ಮೆಣಸಿನಕಾಯಿಯ ಬಣ್ಣ ನೆನಪಾಗುತ್ತದೆ. ನನಗೆ ಕೆಮ್ಮು ನೆನಪಾಗುತ್ತದೆ. ಐರಣಿಯ ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದವಳು ನಾನು, ಹೆಸರೂ ಹೊಳಿಯವ್ವ. ಸೊಸೆಯಾಗಿ ಬ್ಯಾಡಗಿಗೆ ಬಂದ ದಿನ ಅತ್ತೆಯ ಮನೆಯ ಹೊಸ್ತಿಲು ದಾಟುವ ಮೊದಲೇ ಮೇಲಿಂದ ಮೇಲೆ ಸೀನಿದೆ. ಬೇರೆ ಊರಲ್ಲಾದರೆ ಅಪಶಕುನ ಅನ್ನುತ್ತಿದ್ದರು. ನಮ್ಮ ಓಣಿಯ ಹೆಂಗಸರು ಬಿದ್ದು ಬಿದ್ದು ನಕ್ಕರು.

"ಹೊಳಿ ನೀರು ಕುಡದ ಮೂಗು ಐತಿ, ಶೇಖವ್ವ. ಘಾಟು ಹೊಸಾದು ಅದಕ್ಕ," ಎಂದು ಪಕ್ಕದ ಮನೆಯ ರಸೂಲಬಿ ನನ್ನ ಅತ್ತೆಗೆ ಹೇಳಿದಳು.

"ಎರಡು ಸುಗ್ಗಿ ಹೋಗಲಿ. ಮೂಗು ತಾನ ಸುಮ್ಮನಾಕ್ಕೈತಿ," ಎಂದಳು ಅತ್ತೆ.

ಮೂಗು ಸುಮ್ಮನಾಯಿತು. ಬಾಯಿ ಮಾತ್ರ ಸುಮ್ಮನಾಗಲಿಲ್ಲ, ಅದು ಬೇರೆ ಮಾತು.

ನಮ್ಮ ಓಣಿ ಮಾರುಕಟ್ಟೆಯ ಹಿಂದಿನ ಗೋಡೆಗೆ ಹತ್ತಿಕೊಂಡಿತ್ತು. ಈಗ ಅಲ್ಲಿ ಗೋದಾಮುಗಳು ಎದ್ದು ನಿಂತಿವೆ. ಆಗ ಹೆಂಚಿನ ಮನೆಗಳ ಒಂದೇ ಸಾಲು, ನಡುವೆ ಒಂದು ನಳ, ನಳದ ಸುತ್ತ ಸದಾ ಜಗಳ. ಸುಗ್ಗಿ ಬಂತೆಂದರೆ ಗಂಡಸರು ಹಮಾಲಿಗೆ ಹೋಗುತ್ತಿದ್ದರು, ಹೆಂಗಸರು ತುಂಬು ಬಿಡಿಸಲಿಕ್ಕೆ. ತುಂಬು ಎಂದರೆ ಕಾಯಿಯ ತೊಟ್ಟು. ದಲಾಲಿ ಅಂಗಡಿಯ ಮುಂದೆ ಕೆಂಪು ರಾಶಿಯ ಸುತ್ತ ಕುಳಿತು ದಿನವಿಡೀ ತೊಟ್ಟು ಮುರಿಯುವುದು. ಎಳೆಕೂಸು ಇದ್ದವರು ಅದನ್ನು ಖಾಲಿ ಚೀಲದ ಮೇಲೆ ಮಗ್ಗುಲಲ್ಲೇ ಮಲಗಿಸಿಕೊಳ್ಳುತ್ತಿದ್ದರು. ಸಂಜೆ ಮನೆಗೆ ಬಂದು ಉರಿಯುವ ಬೆರಳುಗಳನ್ನು ಒಂದೇ ಮಜ್ಜಿಗೆ ಪಾತ್ರೆಯಲ್ಲಿ ನಾನೂ ಅತ್ತೆಯೂ ಅದ್ದಿಕೊಂಡು ಕೂರುತ್ತಿದ್ದೆವು. ಹಗಲೆಲ್ಲ ಜಗಳಾಡಿದ್ದರೂ ಆ ಪಾತ್ರೆಯ ಹತ್ತಿರ ಮಾತು ಮೆತ್ತಗಾಗುತ್ತಿತ್ತು. ಆ ಮಜ್ಜಿಗೆಯ ತಂಪು ಈಗಲೂ ಬೆರಳಿಗೆ ನೆನಪಿದೆ.

ಓಣಿಯಲ್ಲಿ ಒಂದು ಪದ್ಧತಿ ಇತ್ತು. ಕೂಸಿಗೆ ನೆದರಾದರೆ, ಅಂದರೆ ಕೆಟ್ಟ ಕಣ್ಣು ಬಿದ್ದರೆ, ಉಪ್ಪು ಮೆಣಸಿನಕಾಯಿ ಇಳಿದೆಗೆದು ಕೆಂಡಕ್ಕೆ ಹಾಕುವುದು ಎಲ್ಲ ಊರಲ್ಲೂ ಉಂಟು. ಘಾಟು ಬರದಿದ್ದರೆ ನೆದರು ಇತ್ತು, ಸುಟ್ಟು ಹೋಯಿತು ಎಂದು ಲೆಕ್ಕ. ಆದರೆ ನಮ್ಮ ಬ್ಯಾಡಗಿ ಕಾಯಿಗೆ ಖಾರ ಕಡಿಮೆ. ಅದನ್ನು ಸುಟ್ಟರೆ ಊರಿನ ಎಲ್ಲ ಕೂಸಿಗೂ ನೆದರಾಗಿದೆ ಎಂದೇ ಬರುತ್ತದೆ. ಅದಕ್ಕೆ ನಮ್ಮವರು ನೆದರಿಗೆಂದೇ ಗುಂಟೂರ ಕಾಯಿ ತಂದು ಇಟ್ಟಿರುತ್ತಿದ್ದರು. ಅದರಲ್ಲೂ ಇನ್ನೊಂದು ತಮ್ಮದೇ ಆಚಾರ ಸೇರಿಸಿದ್ದರು. ಗುಂಟೂರ ಘಾಟಿಗೂ ಕೆಮ್ಮದೆ ಮಲಗಿದ ಕೂಸು 'ಪ್ಯಾಟಿ ಕೂಸು' ಆಯಿತು ಎಂದು ಮನೆಮನೆಗೆ ಸಕ್ಕರೆ ಹಂಚುತ್ತಿದ್ದರು. ಇನ್ನು ಅದನ್ನು ರಾಶಿಯ ಮಗ್ಗುಲಲ್ಲಿ ಧೈರ್ಯವಾಗಿ ಮಲಗಿಸಬಹುದು ಎಂದು ಅದರ ಅರ್ಥ. ನನ್ನ ಗಂಡ ಮೈಲಾರೆಪ್ಪ ಹುಟ್ಟಿದ ತಿಂಗಳೊಪ್ಪತ್ತಿಗೇ ಪ್ಯಾಟಿ ಕೂಸಾಗಿದ್ದನಂತೆ. ಅತ್ತೆ ಅದನ್ನು ಯಾವುದೋ ಪದವಿಯಂತೆ ಹೇಳಿಕೊಳ್ಳುತ್ತಿದ್ದಳು.

ತೊಂಬತ್ತೆರಡರ ಸುಗ್ಗಿಗೆ ನನ್ನ ಮೊದಲ ಮಗಳು ಪ್ರೇಮವ್ವ ತೊಡೆಯ ಮೇಲಿದ್ದಳು. ಇನ್ನೂ ಬೋರಲು ಬೀಳುವುದನ್ನು ಕಲಿತಿರಲಿಲ್ಲ. ಆ ವರ್ಷ ಓಣಿಯ ಮಕ್ಕಳಿಗೆಲ್ಲ ನೆಗಡಿ, ಕೆಮ್ಮು, ಉಸಿರಿನಲ್ಲಿ ಸಿಳ್ಳೆ. ಬೇರೆ ಊರಲ್ಲಾಗಿದ್ದರೆ ಜನ ಹೆದರುತ್ತಿದ್ದರು. ನಾವು ಹೆದರಲಿಲ್ಲ. ಮೆಣಸಿನಕಾಯಿ ಪೇಟೆಯಲ್ಲಿ ಕೆಮ್ಮುವುದು ಯಾರಿಗೆ ಹೊಸದು? ದೊಡ್ಡವರೂ ಕೆಮ್ಮುತ್ತಿದ್ದರು, ಸಣ್ಣವರೂ ಕೆಮ್ಮುತ್ತಿದ್ದರು, ಎಲ್ಲದಕ್ಕೂ ಘಾಟು ಎಂದು ಒಂದೇ ಹೆಸರು. ಪ್ರೇಮವ್ವನೂ ಕೆಮ್ಮತೊಡಗಿದಳು.

ಹಾವೇರಿಯಿಂದ ಡಾಕ್ಟರ ಬಾಯಾರು ಬಂದದ್ದು ಒಂದು ಗುರುವಾರ ಬೆಳಿಗ್ಗೆ. ಹೆಸರು ಮಹಮೂದಾಬೇಗಂ. ತೆಳ್ಳಗಿನ ಹೆಂಗಸು, ದಪ್ಪ ಕನ್ನಡಕ, ಮಾತು ನಿಧಾನ. ಜೀಪಿನಿಂದ ಒಂದು ಐಸಿನ ಡಬ್ಬಿ ಇಳಿಸಿಕೊಂಡು ನಳದ ಕಟ್ಟೆಯ ಮೇಲೆ ಕುಳಿತರು. ಡಬ್ಬಿಯೊಳಗೆ ಗುಲಾಬಿ ಬಣ್ಣದ ನೀರಿದ್ದ ಸಣ್ಣ ಸಣ್ಣ ಶೀಸೆಗಳು. ಕೂಸಿನ ಮೂಗಿಗೆ ಸಪೂರ ರಬ್ಬರ್ ನಳಿಗೆ ಹಾಕಿ, ಸಿಂಬಳ ಎಳೆದು, ಶೀಸೆಗೆ ಬಿಟ್ಟು, ಐಸಿನಲ್ಲಿ ಇಡುವುದು ಅವರ ಕೆಲಸ.

"ಇದನ್ನ ಒಯ್ದು ಏನ ಮಾಡ್ತೀರಿ ಬಾಯಾರ? ಸಾರು ಮಾಡ್ತೀರೇನು?" ಎಂದು ನಾನೇ ಕೇಳಿದೆ.

ಬಾಯಾರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. "ಪುಣೆಕ್ಕ ಕಳಸ್ತೇವಿ. ಈ ಬ್ಯಾನಿ ಘಾಟಿಂದಲ್ಲ ಯಮ್ಮಾ, ವೈರಸ್ ಅಂತ ಕಣ್ಣಿಗೆ ಕಾಣದ ಹುಳದ್ದು. ಯಾವ ಕೂಸಿನ ಮೂಗಿನಾಗ ಆ ಹುಳ ಎಷ್ಟು ಅದಾವು, ಆ ಕೂಸಿಗೆ ಬ್ಯಾನಿ ಎಷ್ಟು ಜೋರು ಅದ, ಎರಡಕ್ಕೂ ಸಂಬಂಧ ಅದನೋ ಇಲ್ಲೋ ನೋಡೋದು."

"ಹುಳ ಹೆಚ್ಚಿದ್ರ ಬ್ಯಾನಿ ಹೆಚ್ಚು. ಅದಕ್ಕ ಪುಣೆಕ್ಕ ಯಾಕ ಹೋಗಬೇಕು?"

"ನಾವೂ ಹಂಗ ಅನ್ಕೊಂಡೇವಿ. ನೋಡೋಣು," ಎಂದರು.

ಮೊದಲು ರಸೂಲಬಿಯ ಮೊಮ್ಮಗ ಹನೀಫನದು ತೆಗೆದರು. ಎರಡು ವರ್ಷದ ಗಟ್ಟಿ ಹುಡುಗ, ಮೈ ಸುಡುತ್ತಿತ್ತು, ಮೂಗು ನಳದಂತೆ ಸೋರುತ್ತಿತ್ತು. ಶೀಸೆಗೆ ದಪ್ಪ ಸಿಂಬಳ ಸರಸರ ಇಳಿಯಿತು. ಅವನು ಕಿರುಚಿದ್ದು ದಲಾಲಿ ಅಂಗಡಿಯವರೆಗೆ ಕೇಳಿರಬೇಕು. ಅದನ್ನು ನೋಡಿ ರಸೂಲಬಿ "ಯಾ ಅಲ್ಲಾ, ಎಷ್ಟೈತಿ ನೋಡ್ರಿ, ನನ್ನ ಹುಡುಗನ ಗತಿ ಏನು!" ಎಂದು ಕಣ್ಣಿಗೆ ಸೆರಗು ಹಚ್ಚಿದಳು.

ಆಮೇಲೆ ನನ್ನ ಪ್ರೇಮವ್ವ. ನಳಿಗೆ ಹಾಕಿದರೂ ಬಂದದ್ದು ಒಂದು ತೊಟ್ಟು. ಅಳಲೂ ಇಲ್ಲ, ಬರೀ ಮುಖ ಕಿವುಚಿದಳು. ಅತ್ತೆ ಶೀಸೆಯನ್ನು ಬೆಳಕಿಗೆ ಹಿಡಿದು ಓಣಿಗೆಲ್ಲ ತೋರಿಸಿದಳು. "ನೋಡ್ರಿ, ನಮ್ಮ ಕೂಸಿಂದು ಏನೂ ಬರಲಿಲ್ಲ. ಹಗುರ ಐತಿ ನಮದು!"

"ಸಿಂಬಳ ನೋಡಿ ಹೇಳಾಕ ಬರೂದಿಲ್ಲ ಅಜ್ಜಿ," ಎಂದರು ಬಾಯಾರು. ಪ್ರೇಮವ್ವನ ಅಂಗಿ ಎತ್ತಿ ಗಡಿಯಾರ ನೋಡಿಕೊಂಡು ಉಸಿರು ಎಣಿಸಿದರು. ನನ್ನ ಕಡೆ ತಿರುಗಿ, "ಈಗ ಪರವಾ ಇಲ್ಲ. ಆದ್ರ ಎಳೀ ಕೂಸು. ಹಾಲು ಬಿಟ್ರ, ಇಲ್ಲಾ ಉಸರಾಡುವಾಗ ಪಕ್ಕಿಯ ಕೆಳಗ ಗುಂಡಿ ಬಿದ್ರ ಒಂದ ಕ್ಷಣಾನೂ ಕುಂದ್ರಬ್ಯಾಡ," ಎಂದರು. ಅಷ್ಟರಲ್ಲಿ ಅತ್ತೆ ಕೆಮ್ಮಿದಳು.

"ನೀವು ಎಷ್ಟು ದಿವಸದಿಂದ ಕೆಮ್ಮಾಕತ್ತೀರಿ?"

"ಮದಿವ್ಯಾದಾಗಿಂದ," ಎಂದಳು ಅತ್ತೆ. ಓಣಿಯೆಲ್ಲ ನಕ್ಕಿತು. ನಗಿಸಿದ ಹುರುಪಿನಲ್ಲಿ ಅವಳು ಬಾಯಾರ ಎದುರು ಮೂಗು ಮುಂದೆ ಮಾಡಿ ಕುಳಿತಳು. "ನಂದೂ ತಗೋರಿ. ಪುಣೇದವರಿಗೆ ಬ್ಯಾಡಗಿ ಹುಳ ಹ್ಯಾಂಗಿರ್ತಾವು ಅಂತ ಗೊತ್ತಾಗಲಿ." ಬಾಯಾರು ನಿಜವಾಗಿಯೂ ತೆಗೆದುಕೊಂಡರು. ಅತ್ತೆ ಸೀನಿ ಸೀನಿ ಬಾಯಾರ ಕನ್ನಡಕವನ್ನೆಲ್ಲ ಹಸಿ ಮಾಡಿದಳು.

ಬಾಯಾರು ಮುಂದಿನ ಓಣಿಗೆ ಹೋದರು, ಅತ್ತೆ ತುಂಬು ಬಿಡಿಸಲಿಕ್ಕೆ ಹೋದಳು, ನಾನು ಕೂಸಿನ ಹತ್ತಿರ ಉಳಿದೆ. ಬೆಳಿಗ್ಗೆ ಒಂದಿಷ್ಟು ಚೀಪಿದ್ದ ಪ್ರೇಮವ್ವ ಆಮೇಲೆ ಮೊಲೆ ಹಿಡಿಯಲಿಲ್ಲ. ಹಚ್ಚಿದರೆ ಎರಡು ಗುಟುಕಿಗೇ ಬಿಟ್ಟು ಮುಖ ತಿರುಗಿಸುತ್ತಿದ್ದಳು. ಕೆಮ್ಮು ಕಡಿಮೆಯಾಗಿತ್ತು. ನಿದ್ದೆ ಬಂದಿದೆ, ಎದ್ದು ಕುಡಿಯುತ್ತಾಳೆ ಎಂದು ತೊಟ್ಟಿಲಿಗೆ ಹಾಕಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಘಾಟು ಬಂತು. ನಮ್ಮ ಕಾಯಿಯದಲ್ಲ, ಗುಂಟೂರದ್ದು. ಗಂಟಲಿಗೆ ಸೂಜಿ ಚುಚ್ಚಿದಂಥ ಘಾಟು.

ಒಳಗೆ ಬಂದು ನೋಡಿದರೆ ಉಣ್ಣಲಿಕ್ಕೆ ಬಂದ ಅತ್ತೆ ತೊಟ್ಟಿಲಿನ ಮುಂದೆ ಶಗಡಿ ಇಟ್ಟು, ಉಪ್ಪು ಮೆಣಸಿನಕಾಯಿ ಇಳಿದೆಗೆದು ಕೆಂಡಕ್ಕೆ ಹಾಕಿದ್ದಳು. ಬಾಗಿಲಲ್ಲಿ ನಿಂತ ರಸೂಲಬಿ ಕೆಮ್ಮುತ್ತಿದ್ದಳು. ಅತ್ತೆಯೂ ಕಣ್ಣಲ್ಲಿ ನೀರು ಸುರಿಸುತ್ತ ಕೆಮ್ಮುತ್ತಿದ್ದಳು. ನಾನೂ ಕೆಮ್ಮಿದೆ. ತೊಟ್ಟಿಲಿನಿಂದ ಸದ್ದಿಲ್ಲ.

"ನೋಡ, ನೋಡ!" ಎಂದು ಅತ್ತೆ ಕೆಮ್ಮಿನ ನಡುವೆಯೇ ಕೂಗಿದಳು. "ನಿನ್ನಿ ತನಕ ಎಷ್ಟು ಕೆಮ್ಮತಿತ್ತು, ಈಗ ಒಂದಾರೆ ಕೆಮ್ಮತೇನು? ಪ್ಯಾಟಿ ಕೂಸಾತು ನನ್ನ ಮೊಮ್ಮಗಳು! ಥೇಟ್ ಅವರಪ್ಪ! ರಸೂಲಬಿ, ಬಟ್ಟಲ ತಗದಿಡು, ಸಕ್ಕರಿ ಮೊದಲ ನಿನ್ನ ಮನಿಗೇ ಕೊಡ್ತೇನಿ."

ನಾನು ತೊಟ್ಟಿಲಿಗೆ ಬಗ್ಗಿದೆ. ಪ್ರೇಮವ್ವ ಕಣ್ಣು ತೆರೆದಿದ್ದಳು. ಮೂಗಿನ ಹೊಳ್ಳೆ ಅಗಲವಾಗಿ ಅರಳಿ ಅರಳಿ ಮುಚ್ಚುತ್ತಿದ್ದವು. ಅಂಗಿ ಎತ್ತಿದೆ. ಪಕ್ಕೆಯ ಕೆಳಗೆ, ಹೊಟ್ಟೆ ಶುರುವಾಗುವಲ್ಲಿ, ಪ್ರತಿ ಉಸಿರಿಗೂ ನನ್ನ ಹೆಬ್ಬೆರಳು ಕೂರುವಷ್ಟು ಗುಂಡಿ ಬೀಳುತ್ತಿತ್ತು. ತುಟಿಯ ಬಣ್ಣ ಹೋಗಿತ್ತು.

ಶಗಡಿಯನ್ನು ಕಾಲಿನಿಂದ ಒದ್ದೆ. ಕೆಂಡ ಬಾಗಿಲ ತನಕ ಉರುಳಿತು.

"ಹುಚ್ಚಿ ಏನ ನೀನು?" ಎಂದು ಅತ್ತೆ ಚೀರಿದಳು. "ನೆದರ ತಗದ ಶಗಡಿ ಒದೀತಿಯಾ?"

"ಕೆಮ್ಮಾಕ ಬಲಾ ಇಲ್ಲದ್ದಕ್ಕ ಕೆಮ್ಮವಲ್ದು ಅದು! ಸಾಯಾಕತ್ತೈತಿ! ಪ್ಯಾಟಿ ಕೂಸಂತ, ಪ್ಯಾಟಿ ಕೂಸು! ಕಣ್ಣ ಕಾಣ್ತಾವೇನು ನಿನಗ?"

"ಶೀಸೇದಾಗ ಏನೂ ಇರಲಿಲ್ಲ. ಬಾಯಾರ ಮುಂದ ನಾನ ಬೆಳಕಿಗೆ ಹಿಡದು ನೋಡೇನಿ..."

"ಶೀಸೇದಾಗ ಇಲ್ಲ ಅಂದ್ರ ಎದಿಯಾಗ ಇಲ್ಲೇನು? ಇಲ್ಲಿ ನೋಡ, ಈ ಗುಂಡಿ ನೋಡ!"

ಅತ್ತೆ ಬಗ್ಗಿ ನೋಡಿದಳು. ನೋಡಿ ನೆಲಕ್ಕೆ ಕುಸಿದಳು. ನಾನು ಅವಳನ್ನು ಎಬ್ಬಿಸಲಿಲ್ಲ. ಅಷ್ಟು ಪುರುಸೊತ್ತು ಇರಲಿಲ್ಲ, ಇದ್ದರೂ ಎಬ್ಬಿಸುತ್ತಿರಲಿಲ್ಲ.

ರಸೂಲಬಿಯೇ ಬುದ್ಧಿವಂತಿಕೆ ತೋರಿಸಿದಳು. "ಹೊಳಿಯವ್ವ, ಬಾಯಾರ ಜೀಪು ಪ್ಯಾಟ್ಯಾಗ ಗಾಡಿ ನಡುವ ಸಿಕ್ಕೊಂಡೈತಿ. ನಮ್ಮವರು ಅಲ್ಲೇ ಐಸ್ ಕ್ಯಾಂಡಿ ಮಾರಾಕ ಹೋಗ್ಯಾರ, ಈಗ ಅವರಿಗೆ ಬುತ್ತಿ ಕೊಟ್ಟು ಬರೂವಾಗ ನಾನ ನೋಡೇನಿ. ಓಡು ಬೇಟಿ, ನಾನೂ ಬರ್ತೇನಿ."

ಓಡಿದೆವು. ಗುರುವಾರದ ಪೇಟೆ ಎಂದರೆ ಇರುವೆಗೂ ದಾರಿ ಸಿಗುವುದಿಲ್ಲ. ಚಕ್ಕಡಿ, ಟ್ರ್ಯಾಕ್ಟರು, ಲಾರಿ, ಒಂದರ ಮೂತಿಗೆ ಇನ್ನೊಂದರ ಬಾಲ. ಎಲ್ಲದರ ಮೇಲೂ ಕೆಂಪು ಧೂಳು. ಆ ಧೂಳಿನ ನಡುವೆ ಜೀಪು ನಿಂತಿತ್ತು. ಮುಂದೆ ಒಂದು ಚಕ್ಕಡಿಯ ಗಾಲಿ ಕಳಚಿ ಚೀಲಗಳೆಲ್ಲ ರಸ್ತೆಯ ಮೇಲೆ ಬಿದ್ದಿದ್ದವು. ಜೀಪಿನ ಪಕ್ಕ ರಸೂಲಬಿಯ ಗಂಡ ನಬಿಸಾಬ ಸೈಕಲ್ಲಿಗೆ ಕ್ಯಾಂಡಿ ಡಬ್ಬಿ ಕಟ್ಟಿಕೊಂಡು ನಿಂತಿದ್ದ.

ಬಾಯಾರಿಗೆ ನಾನು ಏನೂ ಹೇಳಬೇಕಾಗಲಿಲ್ಲ. ಕೂಸನ್ನು ಅವರ ಮಡಿಲಿಗೆ ಹಾಕಿದೆ. ಅಂಗಿ ಎತ್ತಿ ನೋಡಿದರು.

"ಹಾಲು ಯಾವಾಗ ಬಿಡ್ತು?"

"ನೀವು ಹೋದಾಗಿಂದ."

"ಹಾವೇರಿಗೆ ನಡೀರಿ. ನನ್ನ ವಾರ್ಡಿನ್ಯಾಗ ಆಕ್ಸಿಜನ್ ಹಚ್ಚಿ ಇಟ್ಟಾರ."

ಡ್ರೈವರ್ ತಿರುಗಿ ನೋಡಿದ. "ಬಾಯಾರ, ರಾಣೇಬೆನ್ನೂರಿಗೆ ಹೋಗಬೇಕಲ್ಲರಿ. ಅಲ್ಲಿ ಮನಶಾ ಸಂಜಿ ರೈಲಿಗೆ ಶೀಸೆ ಒಯ್ಯಾಕ ಕಾಯಾಕತ್ತಾನ, ಆ ರೈಲು ಇಲ್ಲೂ ಹಾವೇರ್ಯಾಗೂ ನಿಂದ್ರೂದಿಲ್ಲ. ಐಸ ಆಗ್ಲೇ ಅರ್ಧಾ ನೀರಾಗೈತಿ. ಈ ರೈಲು ತಪ್ಪಿತಂದ್ರ ಅಷ್ಟೂ ಕೆಡ್ತಾವರಿ."

"ನಿನ್ನ ಐಸಿಗೆ ಬೆಂಕಿ ಬೀಳಲಿ!" ಎಂದೆ. "ಸಿಂಬಳ ದೊಡ್ಡದೋ ಕೂಸು ದೊಡ್ಡದೋ? ಚೆಲ್ಲ ಅದನ್ನ ಗಟಾರಕ್ಕ!" ಡಬ್ಬಿಗೆ ಕೈ ಹಾಕಿಯೂ ಬಿಟ್ಟೆ.

ಬಾಯಾರ ಒಂದು ಕೈ ಕೂಸಿನ ಬೆನ್ನಿನ ಮೇಲಿತ್ತು. ಇನ್ನೊಂದು ಕೈ ಡಬ್ಬಿಯನ್ನು ಹಿಡಿಯಿತು. ಎರಡು ತಿಂಗಳಿನಿಂದ ಊರೂರು ತಿರುಗಿ, ಬೈಗುಳ ತಿಂದು ಮಾಡುತ್ತಿದ್ದ ಕೆಲಸ ಅದು ಎಂದು ನನಗೆ ಆಮೇಲೆ ಗೊತ್ತಾಯಿತು. ಆ ಗಳಿಗೆಯಲ್ಲಿ ಗೊತ್ತಿದ್ದರೂ ನಾನು ಬಿಡುತ್ತಿರಲಿಲ್ಲ. ಅವರ ಮುಖದಲ್ಲಿ ನೋವು ಕಂಡಿತು. ಆದರೆ ಡಬ್ಬಿಯ ಮೇಲಿನ ಕೈ ಸಡಿಲವಾಯಿತು. "ಹಾವೇರಿ," ಎಂದರು ಡ್ರೈವರನಿಗೆ. "ಹೋದ್ರ ಹೋಗ್ಲಿ."

ಆಗ ನಬಿಸಾಬ ಸೈಕಲ್ಲನ್ನು ರಸೂಲಬಿಯ ಕೈಗೆ ಕೊಟ್ಟು ಮುಂದೆ ಬಂದ. "ಯಾಕ ಹೋಗಬೇಕರಿ? ಆ ಶೀಸೆ ನನ್ನ ಡಬ್ಬ್ಯಾಗ ಹಾಕ್ರಿ. ಮುಂಜಾನಿ ತುಂಬಿಸಿದ ಐಸೈತಿ. ನಾ ಒಯ್ತೇನಿ ರಾಣೇಬೆನ್ನೂರಿಗೆ. ಆಚಿ ಕಡಿ ನಿಂತ ಲಾರಿ ನಮ್ಮ ಹಲಗೇರಿ ಊರಾವಂದು, ಅತ್ತಾಗ ಹೊಂಟೈತಿ."

"ನಿನ್ನ ಕ್ಯಾಂಡಿ?" ಎಂದಳು ರಸೂಲಬಿ.

"ಹಮಾಲರು ತಿನ್ಲಿ! ಯಾರಪ್ಪ ಅಲ್ಲಿ, ಬರ್ರಿ, ಪುಕ್ಕಟ ಕ್ಯಾಂಡಿ!"

ಹಮಾಲರು ಎಂದ ಕೂಡಲೆ ನನಗೆ ಗಂಡನ ನೆನಪಾಯಿತು. ಅವನು ಅಂಗಡಿಯ ಕಟ್ಟೆಯ ಮೇಲೆ ಚೀಲ ಹೊತ್ತು ನಿಂತಿದ್ದ. ಗಂಡನ ಹೆಸರು ಬಾಯಲ್ಲಿ ತರಬಾರದು ಎಂದು ಐರಣಿಯಲ್ಲಿ ಅವ್ವ ಕಲಿಸಿದ್ದಳು. ಇಡೀ ಪೇಟೆಗೆ ಕೇಳುವಂತೆ ಕೂಗಿದೆ: "ಏ ಮೈಲಾರೆಪ್ಪಾ! ನಿನ್ನ ಮಗಳು ಸಾಯಾಕತ್ತಾಳ, ಆ ಚಕ್ಕಡಿ ಎತ್ತೋ!"

ಕಟ್ಟೆಯ ಮೇಲಿನವರು ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿದರು. ಮೈಲಾರೆಪ್ಪ ಚೀಲ ಅಲ್ಲೇ ಎಸೆದು ಹಾರಿದ. ಅವನ ಹಿಂದೆ ಹಮಾಲರೆಲ್ಲ ಬಂದರು. ಕ್ಯಾಂಡಿ ಬಾಯಲ್ಲಿ ಕಚ್ಚಿಕೊಂಡೇ ಭುಜ ಕೊಟ್ಟು ಚಕ್ಕಡಿಯನ್ನು ಎತ್ತಿ ಬದಿಗಿಟ್ಟರು, ಚೀಲಗಳನ್ನು ಕಾಲಿನಿಂದ ಸರಿಸಿದರು. ಯಾರೋ ದಲಾಲಿ ಕಾಯಿ ತುಳಿಯಬೇಡಿ ಎಂದು ಕೂಗಿದ. ಅವನಿಗೆ ಹಮಾಲರು ಕೊಟ್ಟ ಉತ್ತರವನ್ನು ಬರೆಯಲಿಕ್ಕೆ ಬರುವುದಿಲ್ಲ.

ಮೋಟೆಬೆನ್ನೂರಿನ ಹತ್ತಿರ ದೊಡ್ಡ ರಸ್ತೆ ಸಿಕ್ಕಿತು. ನಬಿಸಾಬ ಕುಳಿತಿದ್ದ ಲಾರಿ ರಾಣೇಬೆನ್ನೂರ ಕಡೆ ತಿರುಗಿತು, ನಾವು ಹಾವೇರಿ ಕಡೆ. ದಾರಿಯುದ್ದಕ್ಕೂ ಬಾಯಾರು ಕೂಸನ್ನು ಎತ್ತರಿಸಿ ಹಿಡಿದು, ಮೂಗಿಗೆ ಉಪ್ಪುನೀರಿನ ಹನಿ ಬಿಟ್ಟು, ಅದೇ ರಬ್ಬರ್ ನಳಿಗೆಯಿಂದ ಎಳೆಯುತ್ತಿದ್ದರು. ಒಮ್ಮೆ ಉಸಿರು ನಿಂತೇ ಹೋಯಿತು. ಬಾಯಾರು ಅಂಗಾಲಿಗೆ ಬೆರಳಿನಿಂದ ಬಡಿದರು. ಮತ್ತೆ ಬಂತು. ನಾನು ಬೈಯುವುದನ್ನು ಮರೆತು ಐರಣಿಯ ಹೊಳೆದೇವಿಗೂ ಮೈಲಾರಲಿಂಗನಿಗೂ ರಸೂಲಬಿಯ ಅಲ್ಲಾಗೂ ಒಟ್ಟಿಗೆ ಕೈ ಮುಗಿಯುತ್ತಿದ್ದೆ.

ಆಗ ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ದವಾಖಾನೆಯ ಅಂಗಳದಲ್ಲಿ ದೊಡ್ಡ ಬೇವಿನ ಮರ, ಮರದ ಕೆಳಗೆ ಮೂರು ಕಲ್ಲಿನ ಒಲೆಗಳು, ರೋಗಿಗಳ ಕಡೆಯವರು ಅಲ್ಲೇ ರೊಟ್ಟಿ ಬಡಿಯುತ್ತಿದ್ದರು. ಪ್ರೇಮವ್ವನ ಮುಖದ ಹತ್ತಿರ ಆಕ್ಸಿಜನ್ ಹಿಡಿದರು, ಗಂಟಲಿನ ಆಳದಿಂದ ಕಫ ಎಳೆದರು. ಎಳೆದದ್ದನ್ನು ಬಾಯಾರು ಚೆಲ್ಲಲಿಲ್ಲ.

"ಇದನ್ನೂ ಪುಣೆಕ್ಕ ಕಳಿಸಲೇನು, ಹೊಳಿಯವ್ವ? ನಿನ್ನ ಕೇಳಿ ಕಳಸ್ತೇನಿ," ಎಂದರು.

"ಕೂಸು ಉಳದ್ರ ನನ್ನೂ ಕಳಸ್ರಿ," ಎಂದೆ.

ಎರಡು ದಿನ ಏನೂ ಹೇಳುವಂತಿರಲಿಲ್ಲ. ಮೂರನೆಯ ದಿನ ಪ್ರೇಮವ್ವ ಗಟ್ಟಿಯಾಗಿ ಅತ್ತಳು. ಅಷ್ಟು ಸಿಹಿಯಾದ ಅಳುವನ್ನು ನಾನು ಮತ್ತೆ ಯಾವತ್ತೂ ಕೇಳಿಲ್ಲ. ಅದೇ ಸಂಜೆ ಮೊಲೆ ಹಿಡಿದಳು.

ಅತ್ತೆ ಮರುದಿನವೇ ಬಂದಿದ್ದಳು, ಕರೆತಂದ ಮೈಲಾರೆಪ್ಪ ಕೂಸನ್ನು ನೋಡಿ ಹಮಾಲಿಗೆ ಮರಳಿದ್ದ. ಬಂದವಳು ವಾರ್ಡಿನ ಬಾಗಿಲ ಹೊರಗೆ ಗೋಡೆಗೆ ಆತು ಕುಳಿತುಬಿಟ್ಟಳು, ಒಳಗೆ ಬರಲಿಲ್ಲ. ನಾನು ಕರೆಯಲೂ ಇಲ್ಲ. ಬೇವಿನ ಮರದ ಕೆಳಗೆ ರೊಟ್ಟಿ ಮಾಡಿ ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದಳು. ನಾನು ತಿನ್ನುತ್ತಿದ್ದೆ. ಸಿಟ್ಟಿಗೂ ಹಸಿವಿಗೂ ಸಂಬಂಧವಿಲ್ಲ. ಕೂಸು ಹಾಲು ಕುಡಿದ ದಿನ ನಾನೇ ಹೊರಗೆ ಹೋಗಿ, "ಎಷ್ಟು ದಿವಸ ಇಲ್ಲೇ ಗ್ವಾಡಿ ಕಾಯ್ತಿ? ಬಂದು ನೋಡ," ಎಂದೆ. ಅವಳು ಬಂದು ಮಂಚದ ತುದಿಯಲ್ಲಿ ನಿಂತು ಕೂಸಿನ ಕಾಲು ಮುಟ್ಟಿ, ಮತ್ತೆ ಹೊರಗೆ ಹೋದಳು.

ರಸೂಲಬಿಯೂ ಹನೀಫನನ್ನು ಎತ್ತಿಕೊಂಡು ಬಂದಳು. ಹುಡುಗ ವಾರ್ಡಿನ ತುಂಬ ಓಡಿ ಎರಡು ಮಂಚ ಹತ್ತಿ ಇಳಿದ. ನಬಿಸಾಬನ ಸಾಹಸವನ್ನು ಅವಳು ನಗುತ್ತಲೇ ಹೇಳಿದಳು. ರಾಣೇಬೆನ್ನೂರ ನಿಲ್ದಾಣದಲ್ಲಿ ಕಾಯುತ್ತಿದ್ದವನು ಕ್ಯಾಂಡಿ ಡಬ್ಬಿ ನೋಡಿ, "ನನಗ ಬ್ಯಾಡಪ್ಪ, ನೆಗಡಿ ಆಗೈತಿ," ಎಂದನಂತೆ. "ನೆಗಡೀನ ತಂದೇನರಿ, ತಗೋರಿ!" ಎಂದು ಇವನು ಮುಚ್ಚಳ ತೆಗೆದನಂತೆ. ಆ ಸುಗ್ಗಿ ಮುಗಿಯುವ ತನಕ ಪೇಟೆಯವರು ಅವನನ್ನು ಕಂಡರೆ "ಸಿಂಬಳದ ಕ್ಯಾಂಡಿ ಐತೇನೋ ನಬಿಸಾಬ?" ಎಂದು ಕಾಡುತ್ತಿದ್ದರು. ಅವನು, "ಸ್ಪೆಷಲ್ ಐತಿ, ಪುಣೆಕ್ಕ ಹೊಕ್ಕೈತಿ, ನಿನಗ ಸಿಗೂದಿಲ್ಲ," ಎನ್ನುತ್ತಿದ್ದ.

ಮನೆಗೆ ಕಳಿಸುವ ದಿನ ಬಾಯಾರು ನನ್ನನ್ನು ತಮ್ಮ ಕೋಣೆಗೆ ಕರೆದರು. ಪುಣೆಯಿಂದ ಫೋನು ಬಂದಿತ್ತು.

"ನಿಮ್ಮ ಹನೀಫನ ಶೀಸೇದಾಗ ಹುಳ ತುಂಬಿ ತುಳಕತಾವಂತ."

"ಅವನಾ? ಅವ ನಿನ್ನಿ ಈ ವಾರ್ಡಿನ್ಯಾಗ ಕುದರಿ ಓಡಿಸಿ ಹೋದ."

"ಹೌದು. ನಿನ್ನ ಪ್ರೇಮವ್ವನ ಮೂಗಿಂದು ನೋಡಿದ್ರ, ಅದಾವೋ ಇಲ್ಲೋ ಅನ್ನೂವಷ್ಟು ಕಡಿಮಿ. ಇಲ್ಲಿ ಗಂಟಲಿನ ಆಳದಿಂದ ತಗದೆವಲ್ಲ, ಅದರಾಗ ಸರಿಯಾಗಿ ಸಿಕ್ಕಾವು."

ನನಗೆ ತಲೆ ಕೆಟ್ಟಿತು. "ಹಂಗಾರ ನಿಮ್ಮ ಶೀಸೆ ಸುಳ್ಳು ಹೇಳ್ತು."

"ಶೀಸೆ ಸುಳ್ಳು ಹೇಳಲಿಲ್ಲ. ಮೂಗಿನಾಗ ಆ ಹೊತ್ತಿಗೆ ಎಷ್ಟಿತ್ತೋ ಅಷ್ಟು ಹೇಳ್ತು. ನಿಮ್ಮ ಪ್ಯಾಟ್ಯಾಗ ಖರೀದಿದಾರರು ಸ್ಯಾಂಪಲ್ ನೋಡೋದನ್ನ ನಾನೂ ನೋಡೇನಿ. ಚೀಲದ ಬಾಯಾಗಿನ ಕಾಯಿ ಅಷ್ಟ ನೋಡಿ ಬಿಡ್ತಾರೇನು? ಮೊಳಕೈ ತನಕ ಕೈ ಹಾಕಿ ತಳದಾಗ ಹಸೀ ಐತೇನು ನೋಡ್ತಾರ. ಮೂಗು ಚೀಲದ ಬಾಯಿ ಇದ್ದಂಗ. ಎದಿ ಬಿಗಿಯೂ ಹೊತ್ತಿಗೆ ಎಷ್ಟೋ ಕೂಸಿನ ಮೂಗಿನಾಗಿನ ಹುಳ ಕಡಿಮಿ ಆಗಿರ್ತಾವು. ಒಳಗ ಸಣ್ಣ ಸಣ್ಣ ನಳಿಗಿ ಬಾತು ಕಫ ತುಂಬಿ ಮುಚ್ಚಿರ್ತಾವು. ಹನೀಫಂದು ದೊಡ್ಡ ನಳಿಗಿ, ತಡಕೊಂಡ. ನಿನ್ನ ಕೂಸಿಂದು ಹುಲ್ಲುಕಡ್ಡಿಯಷ್ಟು ಸಣ್ಣು."

"ಅಂದ್ರ ಹುಳ ಹೆಚ್ಚಾದ್ರ ಬ್ಯಾನಿ ಹೆಚ್ಚು ಅಂತ ಇಲ್ಲ."

"ಒಮ್ಮೊಮ್ಮೆ ಹೌದು, ಒಮ್ಮೊಮ್ಮೆ ಅಲ್ಲ. ನಾವು ತಿಳದಷ್ಟು ಸಸಾರ ಇಲ್ಲ ಅನ್ನೂದಂತೂ ಖರೇ."

"ಮತ್ತ ಯಾಕ ಮಕ್ಕಳ ಮೂಗಿಗೆ ನಳಿಗಿ ಹಾಕ್ಕೋತ ತಿರಗ್ತೀರಿ? ನನ್ನ ಕೂಸಿಗೆ ಏನ ಉಪಯೋಗ ಆತು?"

ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೂ ದಣಿವಾಗಿತ್ತು. "ನಿನ್ನ ಕೂಸಿಗೆ ಏನೂ ಆಗಲಿಲ್ಲ. ನೀ ಅಂಗಿ ಎತ್ತಿ ನೋಡಿದಿ, ಅದು ಉಪಯೋಗ ಆತು. ಶೀಸೆ ಲೆಕ್ಕ ಮುಂದ ಹುಟ್ಟೂ ಮಕ್ಕಳಿಗೆ ಆದೀತು. ಆಗೂದಿಲ್ಲ ಅಂದ್ರೂ ಆಗಬಹುದು. ನನಗ ಗೊತ್ತಿಲ್ಲ ಹೊಳಿಯವ್ವ."

ಗೊತ್ತಿಲ್ಲ ಎಂದು ಹೇಳಿದ ಡಾಕ್ಟರನ್ನು ನಾನು ಅದೇ ಮೊದಲು ನೋಡಿದ್ದು. ಬೈಯಲಿಕ್ಕೆ ತೆರೆದಿದ್ದ ಬಾಯಿ ಮುಚ್ಚಿಕೊಂಡೆ. ಅವರು ಇನ್ನೂ ಕೆಲವು ವರ್ಷ ಹಾವೇರಿಯಲ್ಲಿದ್ದರು. ಬ್ಯಾಡಗಿಗೆ ಬಂದಾಗೆಲ್ಲ ಅವರಿಗೆ ಯಾರ ಮನೆಯಲ್ಲಿ ಊಟ ಎಂದು ನನಗೂ ರಸೂಲಬಿಗೂ ನಳದ ಹತ್ತಿರ ಜಗಳವಾಗುತ್ತಿತ್ತು. ಅವರು ಎರಡೂ ಕಡೆ ಉಂಡು, ಹೊಟ್ಟೆ ಭಾರ ಮಾಡಿಕೊಂಡು ಹೋಗುತ್ತಿದ್ದರು.

ಅವತ್ತು ನಾನು ಎದ್ದು ಹೊರಡುವಾಗ ಬಾಯಾರು ದನಿ ತಗ್ಗಿಸಿದರು. "ಇನ್ನೊಂದು ಮಾತು. ನಿಮ್ಮ ಅತ್ತಿಯವರ ಶೀಸೇದಾಗೂ ಅದೇ ಹುಳ ಸಿಕ್ಕೈತಿ. ಸ್ವಲ್ಪೇ ಸ್ವಲ್ಪ. ದೊಡ್ಡವರಿಗೆ ಬರೇ ಕೆಮ್ಮು, ಏನೂ ಮಾಡೂದಿಲ್ಲ. ಆದ್ರ ಅವರಿಂದನ ಕೂಸಿಗೆ ಬಂದಿರಬಹುದು, ಕೂಸಿನಿಂದ ಅವರಿಗೆ ಹೋಗಿರಬಹುದು. ಯಾರಿಂದ ಯಾರಿಗೆ ಅಂತ ಹೇಳಾಕ ಆಗೂದಿಲ್ಲ. ಅವರಿಗೆ ಹೇಳೂದು ಬಿಡೂದು ನಿನಗ ಬಿಟ್ಟಿದ್ದು. ಈಗಂತೂ ಎಲ್ಲಾ ಹೋಗಿರ್ತಾವು."

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಕುಳಿತಳು. ಕೂಸನ್ನು ಕೊಡು ಎಂದು ಅವಳು ಕೇಳಲಿಲ್ಲ. ನಾನೇ ಅವಳ ಮಡಿಲಿಗೆ ಹಾಕಿದೆ. ಅವಳು ಕೂಸಿನ ಮುಖ ನೋಡಲಿಲ್ಲ. ಅಂಗಿ ಸ್ವಲ್ಪ ಮೇಲೆತ್ತಿ ಪಕ್ಕೆಯ ಕೆಳಗಿನ ಚರ್ಮವನ್ನೇ ನೋಡುತ್ತ ಕುಳಿತಳು. ಬಸ್ಸು ಹಾವೇರಿ ದಾಟುವಾಗ ಕೇಳಿದಳು.

"ನಂದೂ ತಗೊಂಡಿದ್ರಲ್ಲ. ನಂದೇನ ಬಂತು?"

ಸುಳ್ಳು ಹೇಳಬಹುದಿತ್ತು. ಬರೀ ಘಾಟಂತೆ ಎಂದರೆ ಮುಗಿಯುತ್ತಿತ್ತು. ನನಗೆ ಆ ವಿದ್ಯೆ ಬರುವುದಿಲ್ಲ. "ಅದೇ ಹುಳ ಬಂದೈತಿ ನಿಂದ್ರಾಗೂ. ನಿನ್ನಿಂದ ಆಕಿಗೆ ಬಂದಿರಬಹುದು. ಆಕಿಯಿಂದ ನಿನಗ ಬಂದಿರಬಹುದು. ಗೊತ್ತಾಗೂದಿಲ್ಲಂತ," ಎಂದೆ.

ಅತ್ತೆ ಸೆರಗಿನ ತುದಿ ತೆಗೆದು ಮೂಗು ಬಾಯಿ ಮುಚ್ಚುವಂತೆ ಸುತ್ತಿ, ಕತ್ತಿನ ಹಿಂದೆ ಬಿಗಿಯಾಗಿ ಗಂಟು ಹಾಕಿಕೊಂಡಳು. ಕೂಸನ್ನು ಮಾತ್ರ ಕೈ ಬಿಡಲಿಲ್ಲ.

"ಈಗೇನೂ ಇರೂದಿಲ್ಲ, ಎಲ್ಲಾ ಹೋಗ್ಯಾವಂತ. ಬಾಯಾರ ಹೇಳ್ಯಾರ. ಬಿಚ್ಚದನ್ನ," ಎಂದೆ.

ಬಿಚ್ಚಲಿಲ್ಲ. ಸೆಕೆಗೆ ಹಣೆಯಿಂದ ಬೆವರು ಇಳಿದು ಸೆರಗು ತೊಯ್ದು ಮೂಗಿಗೆ ಅಂಟಿತ್ತು. ಅದರ ಮೇಲೆ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು, ಅವು ಕೂಸಿನ ಪಕ್ಕೆಯ ಮೇಲೆ.

ಕಂಡಕ್ಟರ್ ಬಂದ. ಅತ್ತೆಯನ್ನು ನೋಡಿ ಹಲ್ಲು ಬಿಟ್ಟ. "ಯಾಕಬೇ ಯವ್ವಾ, ನಮ್ಮ ಬಸ್ಸು ಅಷ್ಟು ನಾರತೈತೇನು?"

"ಹೌದು, ನಾರತೈತಿ," ಎಂದೆ ನಾನು. "ಬ್ಯಾಡಗಿಗೆ ಎರಡು ಟಿಕೀಟು ಹರಿ. ಹರದು ಆ ಕಡೆ ಹೋಗು, ಕೂಸಿನ ಮ್ಯಾಲ ಉಸರ ಬಿಡಬ್ಯಾಡ."